ರಾಮನ್ ಹಚ್ಚಿದ ದೀಪ, ರಾಮನ್ ಒಪ್ಪದ ಬೆಳಕು

ಫೆಬ್ರವರಿ 28 ಬಂತು ಅಂದರೆ ಶಾಲೆಗಳಲ್ಲಿ ಸಿ.ವಿ. ರಾಮನ್ ಫೋಟೋಗೆ ಹಾರ ಬೀಳುತ್ತೆ. ಪೇಟ ಸುತ್ತಿದ ಆ ಮುಖ, ಸಮುದ್ರ ಯಾಕೆ ನೀಲಿ ಅನ್ನೋ ಪ್ರಶ್ನೆ, ಆಮೇಲೆ ನೊಬೆಲ್. ಅಲ್ಲಿಗೆ ಭಾಷಣ ಮುಗಿಯುತ್ತೆ. ಆದರೆ ನೊಬೆಲ್ ಬಂದಾಗ ರಾಮನ್‌ಗೆ ಬರೀ 42 ವರ್ಷ. ಅದಾದ ಮೇಲೂ ಅವರು 40 ವರ್ಷ ಬದುಕಿದ್ದರು. ಅದರಲ್ಲಿ ಹೆಚ್ಚುಕಮ್ಮಿ ಅಷ್ಟೂ ವರ್ಷ ಬೆಂಗಳೂರಿನಲ್ಲೇ ಇದ್ದರು. ಆ 40 ವರ್ಷದ ಕಥೆಯನ್ನ ಯಾವ ಭಾಷಣವೂ ಹೇಳಲ್ಲ. ಯಾಕೆಂದರೆ ಅದು ಹಾರ ಹಾಕೋಕೆ ಅನುಕೂಲವಾದ ಕಥೆಯಲ್ಲ.

ಆ ಕಥೆಯ ನಡುವೆ ಒಂದು ವೈಜ್ಞಾನಿಕ ಜಗಳ ಇದೆ. ಘನವಸ್ತುವಿನೊಳಗೆ ಪರಮಾಣುಗಳು ಹೇಗೆ ಅಲುಗಾಡ್ತವೆ ಅನ್ನೋದು ಜಗಳದ ವಿಷಯ. ಈ ಜಗಳದಲ್ಲಿ ರಾಮನ್ ತಪ್ಪಿದ್ದರು. ಸುಮಾರು 30 ವರ್ಷ, ಸಾಯೋವರೆಗೂ, ತಪ್ಪನ್ನೇ ಹಿಡಿದುಕೊಂಡಿದ್ದರು. ಅದೇ ಅಲುಗಾಟವನ್ನ ನೋಡೋಕೆ ಇವತ್ತು ಜಗತ್ತಿನ ಪ್ರಯೋಗಾಲಯಗಳು ಬಳಸುವ ಮುಖ್ಯ ಸಾಧನಗಳಲ್ಲೊಂದು ರಾಮನ್ ಪರಿಣಾಮವೇ. ಸೂಪರ್‌ಕಂಡಕ್ಟರ್‌ಗಳ ಒಗಟನ್ನ ಬಿಡಿಸ್ತಿರೋರ ಕೈಯಲ್ಲೂ ಅದೇ ದೀಪ ಇದೆ. ದೀಪ ಹಚ್ಚಿದವರಿಗೇ ಕಾಣದ್ದು ಆ ದೀಪದಲ್ಲಿ ಬೇರೆಯವರಿಗೆ ಕಂಡದ್ದು ಹೇಗೆ? ನನಗೆ ರಾಮನ್ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಪ್ರಶ್ನೆ ಇದು.

ಲೆಕ್ಕಪತ್ರ ಕಚೇರಿಯಿಂದ ಮೃದಂಗದವರೆಗೆ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಅಪ್ಪ ಚಂದ್ರಶೇಖರ ಅಯ್ಯರ್ ಕಾಲೇಜು ಮೇಷ್ಟ್ರು. ಮಗ 11ನೇ ವಯಸ್ಸಿಗೆ ಮೆಟ್ರಿಕ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ಕ್ಕೆ ಬಿ.ಎ., 1907ಕ್ಕೆ ಎಂ.ಎ. ಮುಗಿಸಿದ. ಎಂ.ಎ. ಮುಗಿಯೋಕೆ ಮುಂಚೆಯೇ, 1906ರಲ್ಲಿ, ಲಂಡನ್ನಿನ ಫಿಲಾಸಫಿಕಲ್ ಮ್ಯಾಗಝಿನ್‌ನಲ್ಲಿ ಮೊದಲ ಸಂಶೋಧನಾ ಲೇಖನ ಬಂದಿತ್ತು. ಬ್ರಿಟಿಷ್ ಭಾರತದಲ್ಲಿ ಇಂಥ ಹುಡುಗನಿಗೆ ವಿಜ್ಞಾನದಲ್ಲಿ ಕೆಲಸ ಇರಲಿಲ್ಲ, ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಇತ್ತು. 1907ರಲ್ಲಿ ಲೋಕಸುಂದರಿಯನ್ನ ಮದುವೆಯಾಗಿ, ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದರು.

ಅಲ್ಲಿ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಘವೊಂದಿತ್ತು. ಕಟ್ಟಡ, ಉಪಕರಣ ಎರಡೂ ಇದ್ದವು, ಸಂಶೋಧನೆ ಮಾಡೋರು ಇರಲಿಲ್ಲ. ಹಗಲು ಕಚೇರಿಯ ಲೆಕ್ಕ, ಬೆಳಗ್ಗೆ-ರಾತ್ರಿ ಸಂಘದಲ್ಲಿ ಪ್ರಯೋಗ. ಹತ್ತು ವರ್ಷ ಹೀಗೇ ನಡೆಯಿತು. 1917ರಲ್ಲಿ ಅಶುತೋಷ್ ಮುಖರ್ಜಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ ರಾಮನ್ ಸರ್ಕಾರಿ ಕೆಲಸ ಬಿಟ್ಟರು. ಸಂಬಳ ಕಡಿಮೆಯಾಯಿತು. ಹಿಂದೆಮುಂದೆ ನೋಡಲಿಲ್ಲ.

ಆ ವರ್ಷಗಳಲ್ಲಿ ಅವರನ್ನ ಹಿಡಿದಿಟ್ಟಿದ್ದ ವಿಷಯ ಬೆಳಕಿಗಿಂತ ಹೆಚ್ಚಾಗಿ ಕಂಪನ. ಪಿಟೀಲು, ವೀಣೆ, ತಂಬೂರಿ, ಮೃದಂಗ. ಸಾಮಾನ್ಯ ಚರ್ಮವಾದ್ಯ ಹೊಡೆದರೆ ಅದರ ಸ್ವರಗಳು ಒಂದಕ್ಕೊಂದು ಹೊಂದೋದಿಲ್ಲ, ಬರೀ ಸದ್ದಾಗುತ್ತೆ. ಮೃದಂಗದ ನಡುವೆ ಮೆತ್ತುವ ಕಪ್ಪು ಕರಣೆ ಚರ್ಮದ ತೂಕವನ್ನ ಹೇಗೆ ಹಂಚುತ್ತೆ ಅಂದರೆ, ಆ ಸ್ವರಗಳು ತಂತಿವಾದ್ಯದ ಹಾಗೆ ಸಾಲಾಗಿ ಹೊಂದಿಕೊಳ್ತವೆ. ಇದನ್ನ ರಾಮನ್ 1920ರ ಹೊತ್ತಿಗೇ ಅಳೆದು ತೋರಿಸಿದ್ದರು. ಹೆಸರಿಲ್ಲದ ಕುಶಲಕರ್ಮಿಗಳು ತಲೆಮಾರುಗಳಿಂದ ಕಂಡುಕೊಂಡಿದ್ದನ್ನ ಭೌತವಿಜ್ಞಾನಿಯೊಬ್ಬ ಗೌರವದಿಂದ ನೋಡಿದ ಅಪರೂಪದ ಕೆಲಸ ಅದು. ಒಂದು ವಿಷಯ ಇಲ್ಲಿ ನೆನಪಿಟ್ಟುಕೊಳ್ಳಿ. ವಾದ್ಯದ ಸ್ವರಗಳನ್ನ ಎಣಿಸಬಹುದು: ಒಂದನೆಯದು, ಎರಡನೆಯದು, ಮೂರನೆಯದು. ನಡುವೆ ಖಾಲಿ ಜಾಗ. ಮುಂದಿನ ಜಗಳದ ಬೀಜ ಇಲ್ಲೇ ಇದೆ ಅಂತ ನನಗನ್ನಿಸುತ್ತೆ.

1928

1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿದ್ದು, ಅದು ಆಕಾಶದ ಬಿಂಬವಲ್ಲ, ನೀರೇ ಬೆಳಕನ್ನ ಚದುರಿಸ್ತಿದೆ ಅಂತ ತೋರಿಸಿದ್ದು ಎಲ್ಲರಿಗೂ ಗೊತ್ತಿರೋ ಭಾಗ. ಅಲ್ಲಿಂದ ಏಳು ವರ್ಷದ ಪಟ್ಟು ಹಿಡಿದ ಕೆಲಸ. ದ್ರವಗಳ ಮೇಲೆ ಬೆಳಕು ಬಿಟ್ಟರೆ ಚದುರಿ ಬರೋ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣದ್ದು. ತೀರಾ ಸಣ್ಣ ಪಾಲು ಮಾತ್ರ ಬೇರೆ ಬಣ್ಣ ಹೊತ್ತು ಬರುತ್ತೆ. ಯಾಕೆ? ಬೆಳಕು ಅಣುವನ್ನ ತಾಕಿದಾಗ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನ ಅಣುವಿನ ಕಂಪನಕ್ಕೆ ಕೊಟ್ಟು ಬರುತ್ತೆ, ಇಲ್ಲಾ ಅದರಿಂದ ಸ್ವಲ್ಪ ತಗೊಂಡು ಬರುತ್ತೆ. ಎಷ್ಟು ಕೊಟ್ಟಿತು ಅಂತ ಅಳೆದರೆ ಆ ಅಣು ಯಾವ ಲಯದಲ್ಲಿ ಕಂಪಿಸ್ತಿದೆ ಅಂತ ಗೊತ್ತಾಗುತ್ತೆ. ಅಂದರೆ ಇದು ಕಣ್ಣಿಂದ ಕೇಳೋ ಮೃದಂಗ.

1928ರ ಫೆಬ್ರವರಿ 28ರಂದು ಇದು ಖಚಿತವಾಯಿತು. ಪ್ರಯೋಗದಲ್ಲಿ ಹಗಲೂ ರಾತ್ರಿ ಕೈಜೋಡಿಸಿದ್ದು ಕೆ.ಎಸ್. ಕೃಷ್ಣನ್. ಮಾರ್ಚ್ 16ರಂದು ರಾಮನ್ ಇದರ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲಿ. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಶಿಲೆಯಲ್ಲಿ, ಅಂದರೆ ಕ್ವಾರ್ಟ್ಜ್‌ನಲ್ಲಿ, ಇದೇ ಪರಿಣಾಮ ಕಂಡಿದ್ದರು. ಪ್ರಕಟಿಸೋದರಲ್ಲಿ ಕಲ್ಕತ್ತೆ ಮುಂದಿತ್ತು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಕೃಷ್ಣನ್ ಹೆಸರು ಶಾಲೆಯ ಭಾಷಣಗಳಲ್ಲಿ ಇವತ್ತಿಗೂ ಕೇಳಿಸೋದಿಲ್ಲ.

ಬೆಂಗಳೂರಿಗೆ ಬಂದ ನಿರಾಶ್ರಿತ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ, ನಿರ್ದೇಶಕರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಬಂದವರೇ ಭೌತವಿಜ್ಞಾನ ವಿಭಾಗ ತೆರೆದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು, ಅದರ ಪತ್ರಿಕೆಯನ್ನೂ ಶುರು ಮಾಡಿದರು.

ಅದೇ 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಪ್ರಾಧ್ಯಾಪಕರನ್ನೆಲ್ಲ ಕೆಲಸದಿಂದ ಹೊರಗೆ ಹಾಕಿದರು. ಹಾಗೆ ಗಾಟಿಂಗನ್‌ನಿಂದ ಹೊರಬಿದ್ದವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಕ್ವಾಂಟಮ್ ಸಿದ್ಧಾಂತ ಕಟ್ಟಿದವರ ಪೈಕಿ ಮುಂಚೂಣಿಯ ಹೆಸರು. ಅದಕ್ಕೂ ಮುಂಚೆ, 1912ರಲ್ಲೇ, ಸ್ಫಟಿಕದೊಳಗಿನ ಪರಮಾಣುಗಳ ಕಂಪನಕ್ಕೆ ಕಾರ್ಮಾನ್ ಜೊತೆ ಸೇರಿ ಗಣಿತ ಬರೆದವರು. ಯುರೋಪಿನ ಈ ಅನಾಹುತದಲ್ಲಿ ಬೆಂಗಳೂರಿಗೆ ಒಂದು ಅವಕಾಶ ಇದೆ ಅಂತ ರಾಮನ್‌ಗೆ ಹೊಳೆಯಿತು. ಬಾರ್ನ್ ಅವರನ್ನ ಕರೆಸಿಕೊಂಡರು. 1935ರ ಕೊನೆಯ ಭಾಗದಿಂದ ಮರುವರ್ಷದವರೆಗೆ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಬೇಕು ಅಂತ ರಾಮನ್ ಹಠ ಹಿಡಿದರು.

ಸಂಸ್ಥೆಯ ಪ್ರಾಧ್ಯಾಪಕರ ಸಭೆಯಲ್ಲಿ ಈ ವಿಷಯ ಬಂದಾಗ ನಡೆದಿದ್ದನ್ನ ಬಾರ್ನ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆಸ್ಟನ್ ಅನ್ನೋ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಬಾರ್ನ್ ಎದುರಿಗೇ, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಅನ್ನೋ ಅರ್ಥದಲ್ಲಿ ಮಾತಾಡಿದರು. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರು. ಹುದ್ದೆ ಸಿಗಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಯೋಗ್ಯತೆಯ ಮಾತಿನ ಮರೆಯಲ್ಲಿ ಹುಟ್ಟಿನ ಲೆಕ್ಕ ಹಾಕೋ ಸಭೆಗಳು ನಮ್ಮ ಕ್ಯಾಂಪಸ್‌ಗಳಿಗೆ ಹೊಸದಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ, ಅಲ್ವಾ?

ಬಾರ್ನ್ ಪರ ಹೋರಾಡಿದ್ದು ರಾಮನ್‌ಗೂ ದುಬಾರಿಯಾಯಿತು. ಸಂಸ್ಥೆಯ ದುಡ್ಡನ್ನೆಲ್ಲ ಭೌತವಿಜ್ಞಾನಕ್ಕೇ ಸುರೀತಾರೆ, ಯಾರ ಮಾತೂ ಕೇಳಲ್ಲ ಅನ್ನೋ ದೂರುಗಳು ಮೊದಲೇ ಇದ್ದವು. ಅದರಲ್ಲಿ ಸುಳ್ಳೂ ಇರಲಿಲ್ಲ. ಜೇಮ್ಸ್ ಅರ್ವಿನ್ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಕೂತಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು, ಬರೀ ಪ್ರಾಧ್ಯಾಪಕರಾಗಿ ಉಳಿದರು. ಬಿಳಿಯರ ಅಹಂಕಾರಕ್ಕೂ ತಮ್ಮ ಅಹಂಕಾರಕ್ಕೂ ಒಟ್ಟಿಗೇ ಬೆಲೆ ತೆತ್ತರು ಅಂತ ನಾನು ಓದಿಕೊಳ್ತೀನಿ. ಎರಡರಲ್ಲಿ ಒಂದನ್ನ ಮಾತ್ರ ಹೇಳೋರು ಅರ್ಧ ಕಥೆ ಹೇಳ್ತಿದ್ದಾರೆ.

ಜಗಳ

ಬಾರ್ನ್ ಪ್ರಕಾರ ಸ್ಫಟಿಕ ಅಂದರೆ ಸಾಲುಸಾಲಾಗಿ ಕಟ್ಟಿಹಾಕಿದ ಪರಮಾಣುಗಳ ಜಾಲ. ಒಂದನ್ನ ಅಲುಗಿಸಿದರೆ ಪಕ್ಕದ್ದು ಅಲುಗುತ್ತೆ, ಅಲೆ ಹರಿದು ಹೋಗುತ್ತೆ. ಉದ್ದದ ಅಲೆ ಇರಬಹುದು, ಗಿಡ್ಡ ಅಲೆ ಇರಬಹುದು, ಎಲ್ಲ ಅಳತೆಯವೂ ಇರ್ತವೆ. ಹಾಗಾಗಿ ಕಂಪನದ ಲಯಗಳೂ ಒಂದರ ಪಕ್ಕ ಒಂದು ಒತ್ತಾಗಿ, ನಡುವೆ ಸಂದಿಯಿಲ್ಲದ ಹಾಗೆ ಹರಡಿಕೊಂಡಿರ್ತವೆ. ಇಂಥ ಕಂಪನದ ಒಂದೊಂದು ಕಂತನ್ನ ಇವತ್ತು ಫೋನಾನ್ ಅಂತೀವಿ.

ರಾಮನ್ 1940ರ ದಶಕದ ಶುರುವಿನಿಂದ ಇದನ್ನ ಒಪ್ಪಲಿಲ್ಲ. ಅವರ ವಾದದಲ್ಲಿ ಸ್ಫಟಿಕಕ್ಕೆ ಎಣಿಸಬಹುದಾದಷ್ಟೇ ಲಯಗಳು. ಸ್ಫಟಿಕದ ಒಂದು ಕೋಶದಲ್ಲಿ ಎಷ್ಟು ಪರಮಾಣು ಇವೆಯೋ ಅದನ್ನ 24ರಿಂದ ಗುಣಿಸಿ 3 ಕಳೀರಿ, ಅಷ್ಟು. ವಜ್ರಕ್ಕೆ ಕೋಶದಲ್ಲಿ 2 ಪರಮಾಣು, ಆದ್ದರಿಂದ 45 ಕಂಪನ. ಅದರಲ್ಲಿ ಒಂದೇ ಲಯದವನ್ನ ಒಟ್ಟು ಸೇರಿಸಿದರೆ 8 ಲಯ. ಅಷ್ಟೇ.

ಅವರ ಕೈಯಲ್ಲಿ ಸಾಕ್ಷಿ ಇರಲಿಲ್ಲ ಅಂತಲ್ಲ. ಸ್ಫಟಿಕದ ಮೇಲೆ ಬೆಳಕು ಬಿಟ್ಟರೆ ಬರ್ತಿದ್ದಿದ್ದು ಚೂಪಾದ, ಬಿಡಿಬಿಡಿ ಗೆರೆಗಳು. ಆರ್.ಎಸ್. ಕೃಷ್ಣನ್ ಬೆಂಗಳೂರಿನಲ್ಲಿ ವಜ್ರದಿಂದ ತೆಗೆದ ತೀರಾ ಕ್ಷೀಣವಾದ ರೋಹಿತದಲ್ಲೂ ಚೂಪು ಗೆರೆ ಕಂಡವು. ಲಯಗಳು ಸಂದಿಯಿಲ್ಲದೆ ಹರಡಿದ್ದರೆ ಗೆರೆ ಎಲ್ಲಿಂದ ಬಂತು ಅನ್ನೋದು ನ್ಯಾಯವಾದ ಪ್ರಶ್ನೆ.

ಉತ್ತರ ದೀಪದಲ್ಲೇ ಇತ್ತು. ಕಣ್ಣಿಗೆ ಕಾಣೋ ಬೆಳಕಿನ ಅಲೆ, ಪರಮಾಣುಗಳ ನಡುವಿನ ಅಂತರಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಉದ್ದ. ಅದು ಸ್ಫಟಿಕದೊಳಗಿನ ಅತಿ ಉದ್ದದ ಅಲೆಗಳನ್ನಷ್ಟೇ ನೇರವಾಗಿ ಮಾತಾಡಿಸಬಲ್ಲದು. ಗಿಡ್ಡ ಅಲೆಗಳು ಅದಕ್ಕೆ ಒಂಟಿಯಾಗಿ ಸಿಗೋದಿಲ್ಲ. ಅಗಲ ಕಣ್ಣಿನ ಜರಡಿಯಲ್ಲಿ ರಾಗಿ ಜಾಲಿಸಿ, ಮೇಲೆ ಉಳಿದ ಕಲ್ಲನ್ನ ನೋಡಿ, ಚೀಲದಲ್ಲಿ ಇದ್ದಿದ್ದೇ ಇಷ್ಟು ಅಂದ ಹಾಗೆ. ಎರಡೆರಡು ಫೋನಾನ್ ಒಟ್ಟಿಗೆ ಬರೋ ಕ್ಷೀಣ ರೋಹಿತದಲ್ಲಿ ಗಿಡ್ಡ ಅಲೆಗಳ ಸುಳಿವೂ ಇರುತ್ತೆ. ಎಡಿನ್‌ಬರೋದಲ್ಲಿ ಬಾರ್ನ್ ವಿದ್ಯಾರ್ಥಿನಿ ಹೆಲೆನ್ ಸ್ಮಿತ್ 1948ರಲ್ಲಿ ವಜ್ರದ ಆ ರೋಹಿತವನ್ನ ಬಾರ್ನ್ ಗಣಿತದಿಂದಲೇ ವಿವರಿಸಿದರು. 1953ರಲ್ಲಿ ವಾನ್ ಹೋವ್, ಸಂದಿಯಿಲ್ಲದ ಹರವಿನಲ್ಲೂ ಕೆಲವು ಕಡೆ ಲಯಗಳು ಗುಂಪುಗೂಡಿ ಚೂಪು ಅಂಚು ಕೊಡಲೇಬೇಕು ಅಂತ ಸಾಧಿಸಿದರು. ಗೆರೆಗಳು ನಿಜ, ರಾಮನ್ ಅದಕ್ಕೆ ಕೊಟ್ಟ ಅರ್ಥ ಮಾತ್ರ ತಪ್ಪು.

ಕೊನೆಗೆ ತೀರ್ಪು ಕೊಟ್ಟಿದ್ದು ನ್ಯೂಟ್ರಾನ್. ಅದರ ಅಲೆ ಪರಮಾಣುಗಳ ಅಂತರದಷ್ಟೇ ಇರೋದರಿಂದ ಉದ್ದ, ಗಿಡ್ಡ ಎಲ್ಲ ಕಂಪನಗಳನ್ನೂ ಅದು ಮುಟ್ಟುತ್ತೆ. ಕೆನಡಾದ ಚಾಕ್ ರಿವರ್‌ನಲ್ಲಿ ಬರ್ಟ್ರಮ್ ಬ್ರಾಕ್‌ಹೌಸ್ ಈ ವಿದ್ಯೆ ಬೆಳೆಸಿದರು. ಅವರ ಜೊತೆ ಸೇರಿ, ವಜ್ರದ ರಚನೆಯೇ ಇರೋ ಜರ್ಮೇನಿಯಮ್‌ನಲ್ಲಿ ಅಳತೆ ಮಾಡಿ 1958ರಲ್ಲಿ ಪ್ರಕಟಿಸಿದ್ದು ಭಾರತದಿಂದ ಹೋಗಿದ್ದ ಪಿ.ಕೆ. ಅಯ್ಯಂಗಾರ್. ಲಯಗಳು ಬಾರ್ನ್ ಹೇಳಿದ ಹಾಗೇ ಬಿಡದೆ ಹರಡಿದ್ದವು. ಅಯ್ಯಂಗಾರ್ ಅವರನ್ನ ಕಳಿಸಿದ್ದು ಹೋಮಿ ಭಾಭಾ ಕಟ್ಟಿದ ಪರಮಾಣು ಸಂಸ್ಥೆ. ಆ ಭಾಭಾ 1940ರ ಆಸುಪಾಸಿನಲ್ಲಿ ಬೆಂಗಳೂರಿನ ರಾಮನ್ ವಿಭಾಗದಲ್ಲೇ ಕೆಲಸ ಮಾಡಿದ್ದವರು!

ಇಲ್ಲ ಅನ್ನೋರು ಯಾರು?

ಇಷ್ಟಾದರೂ ರಾಮನ್ ಒಪ್ಪಲಿಲ್ಲ. ವಿಜ್ಞಾನದಲ್ಲಿ ತಪ್ಪೋದು ದೊಡ್ಡ ವಿಷಯವಲ್ಲ. 30 ವರ್ಷ ತಪ್ಪಾಗಿಯೇ ಉಳಿಯೋಕೆ ಮಾತ್ರ ಒಂದು ವ್ಯವಸ್ಥೆ ಬೇಕು. ರಾಮನ್ ಸುತ್ತ ಅಂಥ ವ್ಯವಸ್ಥೆ ಬೆಳೆದಿತ್ತು. ಅಕಾಡೆಮಿ ಅವರದ್ದು, ಅದರ ಪತ್ರಿಕೆ ಅವರದ್ದು, ವಿದ್ಯಾರ್ಥಿಗಳು ಅವರವರು. ಕಂಪನದ ಬಗ್ಗೆ ಅವರ ಸಾಲುಸಾಲು ಲೇಖನ ಬಂದಿದ್ದು ಅದೇ ಪತ್ರಿಕೆಯಲ್ಲಿ. ಬೆಂಗಳೂರಿನಲ್ಲಿ ನಿಂತು ಅವರಿಗೆ ಎದುರಾಡೋ ಯೋಗ್ಯತೆ, ಧೈರ್ಯ ಎರಡೂ ಇದ್ದ ಒಬ್ಬರು ಬಾರ್ನ್. ಅವರನ್ನ ಒಂದು ಸಭೆ ವಾಪಸ್ ಕಳಿಸಿತ್ತು. ಬಾರ್ನ್ ಇಲ್ಲೇ, ಪಕ್ಕದ ಕೋಣೆಯಲ್ಲೇ ಇದ್ದಿದ್ದರೆ? ಬೆಳಗಿನ ಕಾಫಿ ಜೊತೆ ಮುಗಿಯಬಹುದಾಗಿದ್ದ ವಾದ ಎರಡು ಖಂಡಗಳ ನಡುವಿನ ಹಗೆಯಾಯಿತು ಅಂತ ನನಗೆ ಅನ್ನಿಸ್ತಲೇ ಇರುತ್ತೆ.

ಇನ್ನೂ ಕೆಲವರನ್ನ ರಾಮನ್ ತಾವೇ ದೂರ ಇಟ್ಟರು. 1933ರಲ್ಲಿ ಬಾಂಬೆಯಿಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು, ಒಳ್ಳೆ ಅಂಕ ಹಿಡಿದು ಬಂದಾಗ ಹೆಣ್ಣು ಅನ್ನೋ ಕಾರಣಕ್ಕೇ ಸೀಟು ಇಲ್ಲ ಅಂದರು. ಕಮಲಾ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತು ಹಾಕಿ ಸೇರಿಸಿಕೊಂಡರು. ಅವರ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು ಅನ್ನೋದೂ ನಿಜ. 1940ರಿಂದ ಅನ್ನಾ ಮಣಿ ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಹೊಳಪಿನ ಮೇಲೆ ಕೆಲಸ ಮಾಡಿದರು. ಒಂದೊಂದು ಫೋಟೋ ಪ್ಲೇಟಿಗೆ ಗಂಟೆಗಟ್ಟಲೆ ಬೆಳಕು ಬಿಟ್ಟು ಕಾಯೋ ಕೆಲಸ. ಐದು ಲೇಖನ ಪ್ರಕಟಿಸಿದರು, 1945ರಲ್ಲಿ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಅದೇ ಪ್ರಯೋಗಾಲಯದ ಸುನಂದಾಬಾಯಿಗೂ ಪದವಿ ದಕ್ಕಲಿಲ್ಲ. ಗಂಡು-ಹೆಣ್ಣು ವಿದ್ಯಾರ್ಥಿಗಳು ಕೂತು ಚರ್ಚಿಸೋದು ರಾಮನ್‌ಗೆ ಹಿಡಿಸ್ತಿರಲಿಲ್ಲ. ಯಾರು ಯಾರ ಜೊತೆ ಮಾತಾಡಬೇಕು ಅಂತ ಒಬ್ಬರೇ ತೀರ್ಮಾನಿಸೋ ಜಾಗದಲ್ಲಿ, ನೀವು ಹೇಳಿದ್ದು ತಪ್ಪು ಸರ್ ಅನ್ನೋ ದನಿ ಹುಟ್ಟೋದಾದರೂ ಹೇಗೆ?

1948ರಲ್ಲಿ ಸಂಸ್ಥೆಯಿಂದ ನಿವೃತ್ತರಾದ ಮೇಲೆ ರಾಮನ್, ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟಿದ್ದ ಜಮೀನಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿಕೊಂಡರು. ಸರ್ಕಾರದ ದುಡ್ಡು ಬೇಡ ಅಂದರು, ಯಾರ ಅಂಕೆಯೂ ಬೇಡವಾಗಿತ್ತು. ಸರ್ಕಾರದ ಮುಂದೆ ಬಾಗದ ವಿಜ್ಞಾನಿ ಅಂತ ನಾವು ಇದನ್ನ ಮೆಚ್ಚಿಕೊಳ್ತೀವಿ, ಮೆಚ್ಚಲೂಬೇಕು. ಆದರೆ ಅಂಕೆ ಬೇಡ ಅಂದವರು ಟೀಕೆಯನ್ನೂ ಗೇಟಿನ ಹೊರಗೇ ನಿಲ್ಲಿಸಿದರು. ಅಧಿಕಾರದಿಂದ ಸ್ವತಂತ್ರವಾಗಿರೋದು ಬೇರೆ, ಪ್ರಶ್ನೆಯಿಂದ ಸ್ವತಂತ್ರವಾಗಿರೋದು ಬೇರೆ. 1954ರಲ್ಲಿ ಭಾರತರತ್ನ ಬಂತು. 1970ರ ಜನವರಿಯಲ್ಲಿ ಬಾರ್ನ್ ತೀರಿಕೊಂಡರು, ಅದೇ ವರ್ಷ ನವೆಂಬರ್ 21ರಂದು ರಾಮನ್. ಅವರ ಅಂತ್ಯಸಂಸ್ಕಾರ ಆಗಿದ್ದು ಅವರ ಸಂಸ್ಥೆಯ ತೋಟದಲ್ಲೇ. ಅಲ್ಲೊಂದು ಮರ ಇದೆ.

ದೀಪ ಮುಂದೆ ಹೋಯಿತು

ಈಗ ಸೂಪರ್‌ಕಂಡಕ್ಟರ್ ವಿಷಯಕ್ಕೆ ಬರ್ತೀನಿ. ಕೆಲವು ವಸ್ತುಗಳನ್ನ ತಣ್ಣಗೆ ಮಾಡಿದರೆ ವಿದ್ಯುತ್ತಿಗೆ ತಡೆಯೇ ಇಲ್ಲದ ಹಾಗಾಗುತ್ತೆ. ಇದು 1911ರಲ್ಲಿ ಪಾದರಸದಲ್ಲಿ ಕಂಡಿತ್ತು. ಕಾರಣ ಗೊತ್ತಾಗೋಕೆ 1957 ಆಯಿತು. ಒಂದನ್ನೊಂದು ದೂರ ತಳ್ಳೋ ಎಲೆಕ್ಟ್ರಾನ್‌ಗಳನ್ನ ಜೋಡಿ ಮಾಡಿಸೋದು ಪರಮಾಣುಜಾಲದ ಕಂಪನ ಅಂತ ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿದರು. ಎತ್ತರದ ಹುಲ್ಲಿನಲ್ಲಿ ಒಬ್ಬ ನಡೆದು ಹೋದರೆ ಹುಲ್ಲು ಬಾಗುತ್ತೆ, ಅದು ಮತ್ತೆ ಏಳೋದರೊಳಗೆ ಹಿಂದೆ ಬಂದವನು ಅದೇ ಜಾಡು ಹಿಡೀತಾನೆ. ಮಾತಿಲ್ಲದೆ ಇಬ್ಬರೂ ಜೊತೆಯಾದರು. ಇಲ್ಲಿ ಹುಲ್ಲು ಅಂದರೆ ಫೋನಾನ್. ಇಂಜಿನಿಯರಿಂಗ್ ಮೊದಲ ವರ್ಷದ ಭೌತವಿಜ್ಞಾನದಲ್ಲಿ ನಾವು ಓದಿದ್ದು ಇಷ್ಟೇ, ಕಥೆ ಇಲ್ಲಿಗೇ ಮುಗಿದಿತ್ತು.

1986ರಲ್ಲಿ ಆ ಕಥೆ ಅಲುಗಾಡಿತು. ಝೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನಾರ್ಜ್ ಮತ್ತು ಮ್ಯೂಲರ್, ತಾಮ್ರ-ಆಮ್ಲಜನಕದ ಪದರಗಳಿರೋ ಪಿಂಗಾಣಿಯಂಥ ವಸ್ತುವಿನಲ್ಲಿ 30 ಕೆಲ್ವಿನ್ ಸುತ್ತ ಸೂಪರ್‌ಕಂಡಕ್ಟಿವಿಟಿ ಕಂಡರು. ನಮ್ಮಲ್ಲಿ ಮೊದಲ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸಿದ್ದು 1987ರ ಫೆಬ್ರವರಿ 28ರಂದು. ಎರಡೇ ದಿನ ಕಳೆದು, ಮಾರ್ಚ್ 2ರ ಸಂಚಿಕೆಯಲ್ಲಿ, ಇದೇ ಕುಟುಂಬದ ಇನ್ನೊಂದು ವಸ್ತು 93 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತೆ ಅನ್ನೋ ವರದಿ ಅಮೆರಿಕದಿಂದ ಪ್ರಕಟವಾಯಿತು. ದ್ರವ ಸಾರಜನಕದ 77 ಕೆಲ್ವಿನ್‌ಗಿಂತ ಮೇಲೆ! ಹಳೆಯ ಫೋನಾನ್ ಕಥೆ ಇಷ್ಟು ಎತ್ತರಕ್ಕೆ ಎಟುಕೋದಿಲ್ಲ ಅಂತ ಬಹಳಷ್ಟು ಜನ ಆಗ ನಂಬಿದರು. ಎಲೆಕ್ಟ್ರಾನ್‌ಗಳು ತಮ್ಮೊಳಗಿನ ಕಾಂತೀಯ ಸೆಳೆತದಿಂದಲೇ ಜೋಡಿಯಾಗ್ತವೆ, ಜಾಲದ ಕಂಪನಕ್ಕೆ ಇಲ್ಲಿ ಕೆಲಸವಿಲ್ಲ ಅನ್ನೋ ಪಕ್ಷ ಬಲವಾಯಿತು. ಕಂಪನವನ್ನ ಬಿಡೋ ಹಾಗಿಲ್ಲ ಅನ್ನೋ ಪಕ್ಷವೂ ಉಳಿಯಿತು. ಮತ್ತೆ ಎರಡು ಪಾಳಯ.

ನಡುವೆ ದೀಪ ತನ್ನ ಕೆಲಸ ಮಾಡ್ತಾ ಹೋಯಿತು. 93 ಕೆಲ್ವಿನ್‌ನ ಆ ವಸ್ತುವಿನ ಮೇಲೆ ಲೇಸರ್ ಬಿಟ್ಟು ರಾಮನ್ ರೋಹಿತ ತೆಗೆದರು. ತಾಮ್ರದ ಪದರದಲ್ಲಿರೋ ಆಮ್ಲಜನಕ ಪರಮಾಣುಗಳು ಮೇಲೆ ಕೆಳಗೆ ಆಡೋ ಒಂದು ಕಂಪನದ ಗೆರೆ, ವಸ್ತು ಸೂಪರ್‌ಕಂಡಕ್ಟರ್ ಆದ ಕೂಡಲೇ ಜಾಗ ಬದಲಿಸಿತು. ಗೆರೆಯ ಆಕಾರವೇ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಆ ಕಂಪನ ಎಲೆಕ್ಟ್ರಾನ್‌ಗಳಿಗೆ ತಳುಕು ಹಾಕಿಕೊಂಡಿದೆ ಅನ್ನೋದರ ಗುರುತು ಅದು. ಪದರದೊಳಗೆ ಏನೂ ಆಗ್ತಿಲ್ಲ ಅನ್ನೋ ಹಾಗಿರಲಿಲ್ಲ.

ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಝೂರಿಕ್‌ನ ಮೊದಲ ವಸ್ತುವಿನಲ್ಲೇ. ಅದಕ್ಕೆ ಬೇರಿಯಮ್ ಬೆರೆಸ್ತಾ ಹೋಗಿ, ಪ್ರಮಾಣ ಎಂಟನೇ ಒಂದು ಭಾಗದ ಹತ್ತಿರ ಬಂದಾಗ ಸೂಪರ್‌ಕಂಡಕ್ಟಿವಿಟಿ ಇದ್ದಕ್ಕಿದ್ದ ಹಾಗೆ ಕುಸಿಯುತ್ತೆ. ಪ್ರಮಾಣ ಸ್ವಲ್ಪ ಹೆಚ್ಚು ಮಾಡಿ, ಇಲ್ಲಾ ಕಡಿಮೆ ಮಾಡಿ, ವಾಪಸ್ ಬರುತ್ತೆ. ಯಾಕೆ? ತಾಮ್ರದ ಸುತ್ತ ಆಮ್ಲಜನಕ ಕಟ್ಟಿರೋ ಗೂಡು ಅಲ್ಲಿ ಬೇರೆ ದಿಕ್ಕಿಗೆ ವಾಲಿ ನಿಲ್ಲುತ್ತೆ. ಆ ವಾಲಿಕೆ ಅಂದರೆ ಅರ್ಧಕ್ಕೆ ನಿಂತುಹೋದ ಒಂದು ಕಂಪನ, ತೂಗ್ತಾ ತೂಗ್ತಾ ಒಂದು ಕಡೆ ಅಂಟಿಕೊಂಡ ಜೋಕಾಲಿ. ಗೂಡು ಹಾಗೆ ವಾಲಿದಾಗ ಎಲೆಕ್ಟ್ರಾನ್‌ಗಳು ಸೀರೆಯ ಪಟ್ಟೆಗಳ ಹಾಗೆ ಸಾಲುಗಟ್ಟಿ ನಿಂತುಬಿಡ್ತವೆ. ಇದರ ಹತ್ತಿರದ ಬಂಧುವಾದ ವಸ್ತುವಿನಲ್ಲಿ ಆ ಪಟ್ಟೆಗಳನ್ನ 1995ರಲ್ಲಿ ಟ್ರಾಂಕ್ವಾಡಾ ತಂಡ ನ್ಯೂಟ್ರಾನ್ ಹಾಯಿಸಿ ತೋರಿಸಿತು. 2012ರಲ್ಲಿ 93 ಕೆಲ್ವಿನ್‌ ಕುಟುಂಬದಲ್ಲೂ ಎಲೆಕ್ಟ್ರಾನ್‌ಗಳ ಇಂಥದ್ದೊಂದು ಸಾಲು ಎಕ್ಸ್‌ರೇಗೆ ಕಂಡಿತು. ಅದರ ಅಳತೆಗೆ ಹೊಂದೋ ಫೋನಾನ್‌ಗಳು ಅಲ್ಲೇ ಮೆತ್ತಗಾಗೋದೂ ಆಮೇಲೆ ಕಂಡಿತು.

ಹಾಗಾದರೆ ಯಾವಾಗಲೂ ತಾಳ ಹಾಕೋದು ಜಾಲವೇನಾ? ಅದೂ ಅಲ್ಲ. ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳಲ್ಲಿ ಕತೆ ಉಲ್ಟಾ. ತಣ್ಣಗಾಗ್ತಾ ಚೌಕದ ಜಾಲ ಒಂಚೂರು ಆಯತವಾಗುತ್ತೆ, ಆದರೆ ಎಲೆಕ್ಟ್ರಾನ್‌ಗಳ ನಡವಳಿಕೆಯಲ್ಲಿ ಎರಡು ದಿಕ್ಕಿಗೆ ಬರೋ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿ ಹೆಜ್ಜೆ ಮೊದಲು ಇಡೋದು ಎಲೆಕ್ಟ್ರಾನ್, ಜಾಲ ಹಿಂಬಾಲಿಸುತ್ತೆ. ಈ ಗುಂಪಿನ ಕಬ್ಬಿಣ-ಸೆಲೆನಿಯಮ್ ವಸ್ತುವಿನ ಮೇಲೆ 2010ರಲ್ಲಿ ರಾಮನ್ ರೋಹಿತದ ಅಧ್ಯಯನ ಪ್ರಕಟಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ತಂಡವೂ ಇತ್ತು. ರಾಮನ್ ಬಿಟ್ಟುಹೋದ ಅದೇ ಕ್ಯಾಂಪಸ್. ಅದೇ ದೀಪ, ಫೋನಾನ್‌ಗಳ ವಿಷಯದಲ್ಲಿ ಬಾರ್ನ್ ಗಣಿತ.

ಕೈಗೆ ಬಂದಿದ್ದ ಎಳೆ

ಇದರಲ್ಲಿ ನನ್ನನ್ನ ಹೆಚ್ಚು ಕಾಡೋದು 1940ರ ಒಂದು ಸಣ್ಣ ಲೇಖನ. ರಾಮನ್ ಮತ್ತು ಅವರ ವಿದ್ಯಾರ್ಥಿ ನೆಡುಂಗಾಡಿ ಕ್ವಾರ್ಟ್ಜ್ ಹರಳನ್ನ ಬಿಸಿ ಮಾಡ್ತಾ ರೋಹಿತ ತೆಗೆದಿದ್ದರು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ವಾರ್ಟ್ಜ್‌ನ ರಚನೆ ಬದಲಾಗುತ್ತೆ. ಆ ಬಿಸಿಯ ಹತ್ತಿರ ಹೋದ ಹಾಗೆ ಒಂದು ಕಂಪನದ ಗೆರೆ ಮಾತ್ರ ಮಸುಕಾಗ್ತಾ, ಅದರ ಲಯ ನಿಧಾನವಾಗ್ತಾ ಹೋಯಿತು. ಒಂದು ಕಂಪನ ಮೆತ್ತಗಾಗಿ ಸೋತು ನಿಂತಾಗ ಹೊಸ ವ್ಯವಸ್ಥೆ ಹುಟ್ಟುತ್ತೆ ಅನ್ನೋ ವಿಚಾರ ಅದರಲ್ಲಿತ್ತು. ಸುಮಾರು 20 ವರ್ಷದ ನಂತರ ಕಾಕ್ರನ್ ಮತ್ತು ಆಂಡರ್ಸನ್ ಅದನ್ನ ಸಿದ್ಧಾಂತವಾಗಿ ಕಟ್ಟಿದರು. ಝೂರಿಕ್‌ನ ಮ್ಯೂಲರ್ ತಮ್ಮ ವೃತ್ತಿಯ ಬಹುಭಾಗ ಕೆಲಸ ಮಾಡಿದ್ದು ಇಂಥ ರಚನಾ ಬದಲಾವಣೆಗಳ ಮೇಲೇ. ಜಾಲ ಮತ್ತು ಎಲೆಕ್ಟ್ರಾನ್‌ಗಳ ಗಟ್ಟಿ ನಂಟನ್ನ ಹುಡುಕ್ತಾ ಹೋಗಿಯೇ ಅವರು ತಾಮ್ರದ ವಸ್ತುಗಳನ್ನ ಮುಟ್ಟಿದ್ದು.

ಈ ಎಳೆಯ ತುದಿ 1940ರಲ್ಲೇ ಬೆಂಗಳೂರಿನಲ್ಲಿ ರಾಮನ್ ಕೈಯಲ್ಲಿತ್ತು. ಆದರೆ ಮುಂದಿನ ವರ್ಷಗಳು ಬಾರ್ನ್ ತಪ್ಪು ಅಂತ ಸಾಧಿಸೋದರಲ್ಲಿ ಹೋದವು. ಕಣ್ಣ ಮುಂದೆ ಇದ್ದದ್ದನ್ನ ಎಳೆದು ನೋಡೋಕೆ ಪುರಸೊತ್ತಿರಲಿಲ್ಲ.

ರಾಮನ್ ಫೋಟೋ ಇಳಿಸಿ ಅಂತ ನಾನು ಹೇಳ್ತಿಲ್ಲ. ಗುಲಾಮ ದೇಶದಲ್ಲಿ, ಲೆಕ್ಕಪತ್ರ ಬರೆದು ಬಂದ ಸಂಜೆಗಳಲ್ಲಿ, ಜಗತ್ತಿಗೇ ಹೊಸ ಕಣ್ಣು ಕೊಟ್ಟವರು ಅವರು. ನಿರಾಶ್ರಿತನೊಬ್ಬನಿಗಾಗಿ ಕುರ್ಚಿಯನ್ನೇ ಅಪಾಯಕ್ಕೆ ಒಡ್ಡಿದವರು. ಆದರೆ ಆ ಕಣ್ಣಿನಿಂದ ಅವರಿಗಿಂತ ಮುಂದಕ್ಕೆ ನೋಡೋಕೆ ಆಗಿದ್ದು ಅವರಿಗೆ ಇಲ್ಲ ಅಂದವರಿಂದ. ದೇಶದ್ದೇ ಹುಡುಗ ಅಯ್ಯಂಗಾರ್ ಅಳತೆ ಮಾಡಿ ತಂದ ಸಂಖ್ಯೆಗಳು ರಾಮನ್‌ಗೆ ವಿರುದ್ಧವಾಗಿದ್ದವು. ಅವನ್ನ ಪ್ರಕಟಿಸೋದು ದೇಶದ್ರೋಹ ಅಂತ ಆಗ ಯಾರೂ ಕೂಗಲಿಲ್ಲ. ಇವತ್ತು ಒಂದು ಸಂಸ್ಥೆಯ ಒಳಗೆ ಕೂತ ಕಿರಿಯ ಸಂಶೋಧಕಿ, ತನ್ನ ನಿರ್ದೇಶಕರಿಗೋ ಮಂತ್ರಿಗೋ ಒಪ್ಪಿಗೆಯಾಗದ ಅಂಕಿ ಕಂಡರೆ ಅದನ್ನ ಜೋರಾಗಿ ಓದಿ ಹೇಳೋಕೆ ಆಗುತ್ತಾ? ವಿಜ್ಞಾನ ದಿನದ ಭಾಷಣ ಮುಗಿದ ಮೇಲೆ ವೇದಿಕೆ ಮೇಲಿದ್ದವರನ್ನ ಇದೊಂದು ಕೇಳಿ.